‘ಅಟಕ್ಲತ್ತದ’, ‘ಹಿಡೀವಲ್ದು’: ಸಿಡಿ ಸರಿಯಾಗಿ ಓಡದಿದ್ದರೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವಳು. ಎರಡು ಮೂರು ಮಾತಿನ ಬಗ್ಗೆ ಕೇಳಬೇಕಿದೆ, ಆದರೆ ಅವು ಎಲ್ಲಿಂದ ಎದ್ದವು ಅಂತ ಮೊದಲು ಹೇಳಿಬಿಡುತ್ತೇನೆ.

ತಮ್ಮನ ಮದುವೆಯ ಹಳೆಯ ವಿಡಿಯೊವನ್ನು ಮನೆಯ ಕಂಪ್ಯೂಟರಿನಲ್ಲೇ ಡಿವಿಡಿಗೆ ಹಾಕಿ ಹುಮನಾಬಾದಿನ ಅತ್ತೆಗೆ ಒಂದು, ಆಳಂದದ ಕಾಕಾಗೆ ಒಂದು ಕಳಿಸಿದ್ದೆ. ನಮ್ಮ ಮನೆಯ ಪ್ಲೇಯರಿನಲ್ಲಿ ಎರಡೂ ಚೆನ್ನಾಗಿ ಓಡಿದ್ದವು. ವಾರ ಕಳೆದ ಮೇಲೆ ಅತ್ತೆ ಫೋನ್ ಮಾಡಿ, ‘ಸಿಡಿ ಅಟಕ್ಲತ್ತದ ನೋಡವ್ವಾ’ ಅಂದರು. ನಮ್ಮಲ್ಲಿ ಡಿವಿಡಿಗೂ ಸಿಡಿ ಅಂತಲೇ ಹೆಸರು. ಚಿತ್ರ ನಿಂತೇಬಿಡುತ್ತಾ, ಹಾರಿ ಮುಂದೆ ಹೋಗುತ್ತಾ, ಚೌಕ ಚೌಕ ಆಗಿ ಒಡೆಯುತ್ತಾ ಅಂತ ಬಿಡಿಸಿ ಕೇಳಿದೆ. ಮೂರಕ್ಕೂ ಒಂದೇ ಉತ್ತರ, ‘ಅಟಕ್ಲತ್ತದ.’

ಹಿಂದಿ, ಉರ್ದುವಿನ ‘ಅಟಕ್‌ನಾ’ (ಸಿಕ್ಕಿಕೊಳ್ಳೋದು) ನಮ್ಮ ಬಾಯಿಗೆ ಬಂದು ‘-ಲತ್ತದ’ (‘-ತ್ತಾ ಇದೆ’) ಹಚ್ಚಿಕೊಂಡಿದೆ, ಅದು ಸ್ಪಷ್ಟ. ನನಗೆ ಬೇಕಿರುವುದು ಬೇರೆ. ನಿಲ್ಲೋದು, ಹಾರೋದು, ಒಡೆಯೋದು ಈ ಮೂರನ್ನೂ ಬೇರೆ ಬೇರೆಯಾಗಿ ಹೇಳುವ ಮಾತು ಬೀದರ, ಯಾದಗಿರಿ ಕಡೆ ಯಾರ ಬಾಯಲ್ಲಾದರೂ ಇದೆಯಾ?

ಕೊನೆಗೆ ದಾರಿ ತೋರಿಸಿದ್ದು ‘ಯಾವಾಗ’ ಅನ್ನೋ ಪ್ರಶ್ನೆ. ‘ಹೆಣ್ಣು ಕಳಿಸೋ ಹೊತ್ತಿಗೆ’ ಅಂದರು ಅತ್ತೆ, ಅಂದರೆ ವಿಡಿಯೊದ ಕೊನೆಗೆ. ಹಳೆಯ ಗ್ರಾಮಫೋನ್ ತಟ್ಟೆ ಹೊರಗಿನ ಅಂಚಿಂದ ಒಳಕ್ಕೆ ಓಡುತ್ತಿತ್ತು, ಡಿವಿಡಿ ಒಳಗಿಂದ ಹೊರಕ್ಕೆ ಓಡುತ್ತದೆ. ತುಂಬಿದ ಡಿವಿಡಿಯ ಕೊನೆ ಬೀಳುವುದು ಅಂಚಿನಲ್ಲೇ, ಬೆರಳಿನ ಗುರುತು ಜಾಸ್ತಿ ಬೀಳುವುದೂ ಅಲ್ಲೇ, ಮೇಲೆ ಅಂಟಿಸಿದ ಕಾಗದದ ಲೇಬಲ್ ಸ್ವಲ್ಪ ವಾರೆಯಾಗಿದ್ದರೆ ಓಲಾಟವೂ ಅಲ್ಲೇ ಹೆಚ್ಚು. ನಾನು ಹೆಸರಿನ ಕಾಗದ ಅಂಟಿಸಿದ್ದೆ, 16 ಎಕ್ಸ್, ಅಂದರೆ ಮೂಲ ವೇಗದ 16 ಪಟ್ಟು ವೇಗದಲ್ಲಿ ಬರ್ನ್ ಮಾಡಿದ್ದೆ. ಕಾಗದ ಬಿಟ್ಟು 8 ಎಕ್ಸ್‌ನಲ್ಲಿ ಇನ್ನೊಂದು ಮಾಡಿ ಕಳಿಸಿದೆ, ಅತ್ತೆಯ ಪ್ಲೇಯರಿನಲ್ಲಿ ಪೂರ್ತಿ ಓಡಿತು.

ಕಾಕಾ ಹೇಳಿದ್ದು ಮಾತ್ರ ಬೇರೆ ಮಾತು, ‘ಸಿಡಿ ಹಿಡೀವಲ್ದು.’ ಪರದೆ ಮೇಲೆ ಬರೀ ‘ನೋ ಡಿಸ್ಕ್’. ಈ ಮಾತು ನನಗೆ ತುಂಬಾ ಇಷ್ಟ. ‘ಹಿಡಿಯಲೊಲ್ಲದು’ ಸವೆದು ‘ಹಿಡೀವಲ್ದು’ ಆಗಿದೆ, ಮಳೆ ‘ಬರವಲ್ದು’ ಅಂದ ಹಾಗೆ. ಅದರಲ್ಲಿ ‘ಒಲ್ಲೆ’ ಇದೆ, ಯಂತ್ರಕ್ಕೆ ಮನಸ್ಸಿಲ್ಲ. ನಿಜವಾಗಿ ನಡೆದದ್ದೂ ಹಾಗೆಯೇ. ಅವರಿಗೆ ಕಳಿಸಿದ್ದು ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್. ಅಂಗಡಿಯ ಒಂದೇ ಪದರದ ಅಚ್ಚಿನ ಡಿವಿಡಿ ತನ್ನ ಮೇಲೆ ಬಿದ್ದ ಲೇಸರ್ ಬೆಳಕಿನಲ್ಲಿ ಶೇ. 45ಕ್ಕಿಂತ ಹೆಚ್ಚು ವಾಪಸ್ ಕೊಡುತ್ತದೆ, ಆರ್‌ಡಬ್ಲ್ಯೂ ಕೊಡುವುದು ಶೇ. 18ರಿಂದ 30 ಅಷ್ಟೇ. ಕೆಲವು ಹಳೆಯ ಪ್ಲೇಯರುಗಳು ಇಷ್ಟು ಮಂಕು ಬೆಳಕನ್ನು ಡಿಸ್ಕ್ ಅಂತಲೇ ಒಪ್ಪುವುದಿಲ್ಲ. ಒಮ್ಮೆ ಮಾತ್ರ ಬರೆಯುವ ಆರ್ ಡಿಸ್ಕ್ ಕೊಟ್ಟ ಮೇಲೆ ಹಿಡಿಯಿತು.

ಅದಕ್ಕೇ ‘ಹಿಡೀವಲ್ದು’ ಮತ್ತು ‘ಅಟಕ್ಲತ್ತದ’ ಎರಡನ್ನೂ ಒಂದೇ ಅಂತ ಬರೆದುಕೊಳ್ಳಬೇಡಿ. ಮೊದಲನೆಯದು ಡಿಸ್ಕನ್ನೇ ಒಪ್ಪದಿರುವುದು, ಎರಡನೆಯದು ಒಪ್ಪಿ ನಡುವೆ ತೊಡರುವುದು. ಫೋನಿನಲ್ಲಿ ರಿಪೇರಿ ಹೇಳುವವರಿಗೆ ಈ ವ್ಯತ್ಯಾಸವೇ ಅರ್ಧ ಕೆಲಸ ಮುಗಿಸುತ್ತದೆ, ಅಲ್ವಾ?

ಇನ್ನೊಂದು ಮಾತು ಉಳಿದಿದೆ. ಬರೆದಾದ ಮೇಲೆ ಡಿಸ್ಕನ್ನು ‘ಫೈನಲೈಸ್’ ಮಾಡಬೇಕು, ಅಂದರೆ ಬರವಣಿಗೆ ಇಲ್ಲಿಗೆ ಪೂರ್ತಿಯಾಯಿತು ಅಂತ ಡಿಸ್ಕಿನ ಮೇಲೆ ಗುರುತು ಹಾಕಿಸಬೇಕು, ಇಲ್ಲದಿದ್ದರೆ ಬರೆದ ಯಂತ್ರದಲ್ಲಿ ಮಾತ್ರ ಓಡಿ ಬೇರೆ ಕಡೆ ಹಠ ಹಿಡಿಯುತ್ತದೆ. ಇದಕ್ಕೆ ‘ಮುಗಿಸು’ ಅಂದರೆ ಸಾಲದು, ‘ಮುಚ್ಚು’ ಅಂದರೆ ಡಬ್ಬಿ ಮುಚ್ಚಿದ ಹಾಗೆ ಕೇಳುತ್ತದೆ. ಕೌದಿ ಹೊಲಿದು ಕೊನೆಗೆ ದಾರಕ್ಕೆ ಗಂಟು ಹಾಕುತ್ತಾರಲ್ಲ, ಹಾಗೆ ‘ಗಂಟು ಹಾಕು’ ಅಂತ ನಾನು ಮನೆಯಲ್ಲಿ ಹೇಳುತ್ತಿದ್ದೇನೆ. ನೀವು ಏನಂತೀರಿ?