ಅಲಾಸ್ಕಾ ಹಿಮನದಿ ಕ್ರೂಸ್: ಸಿಯಾಟಲ್‌ನಿಂದಲೋ, ವ್ಯಾಂಕೂವರ್‌ನಿಂದಲೋ?

ಬ್ರೂಸ್‌ಪೇಟೆ_ಬಳ್ಳಾರಿ:
ಅಪ್ಪ ಅಮ್ಮನ್ನ ಅಲಾಸ್ಕಾಕ್ಕೆ ಕರ್ಕೊಂಡು ಹೋಗಬೇಕು. ಏಳು ರಾತ್ರಿಯ ಎರಡು ಕ್ರೂಸ್ ನೋಡಿಟ್ಟಿದ್ದೀನಿ. ಒಂದು ಅಮೆರಿಕದ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ವಾಪಸ್. 4,000 ಜನರ ಹಡಗು, ಗೋ-ಕಾರ್ಟ್ ಕೂಡ ಇದೆ, ಹಿಮನದಿ ಅಂದ್ರೆ ಎಂಡಿಕಾಟ್ ಆರ್ಮ್. ಇನ್ನೊಂದು ಕೆನಡಾದ ವ್ಯಾಂಕೂವರ್‌ನಿಂದ, 2,000 ಜನರ ಹಡಗು, ಗ್ಲೇಸಿಯರ್ ಬೇಗೆ ಹೋಗುತ್ತೆ, ತಲೆಗೆ 30,000 ರೂಪಾಯಿ ಜಾಸ್ತಿ. ಸಿಯಾಟಲ್ ಆದ್ರೆ ಕೆನಡಾ ವೀಸಾ ಖರ್ಚೂ ಉಳಿಯುತ್ತೆ ಅಲ್ವಾ? ಅಮ್ಮನಿಗೆ ಮಂಡಿನೋವು, ಬಸ್ಸಲ್ಲೇ ವಾಂತಿ ಆಗುತ್ತೆ. ಇಬ್ಬರೂ ಸಸ್ಯಾಹಾರಿಗಳು. ಯಾವ ತಿಂಗಳು, ಯಾವ ಕ್ಯಾಬಿನ್, ತಿಳಿದವರು ಹೇಳಿ.

ರಾಯಚೂರು_ಸ್ಟೇಷನ್‌ರೋಡ್:
ಮೊದ್ಲ ಹಡಗು ನೋಡಬ್ಯಾಡ್ರಿ. ಹಿಮನದಿ ದಿನದ ಮುಂದ ಏನು ಬರದಾರ, ಎಷ್ಟು ತಾಸು ಕೊಟ್ಟಾರ, ಅದನ್ನ ನೋಡ್ರಿ. ಗೋ-ಕಾರ್ಟ್ ಇಲ್ಲೇ ಆಡಬಹುದು.

ಗ್ಲೇಸಿಯರ್ ಬೇ ಅಂದ್ರ ರಾಷ್ಟ್ರೀಯ ಉದ್ಯಾನ. ದಿನಕ್ಕ ಎರಡೇ ದೊಡ್ಡ ಕ್ರೂಸ್ ಹಡಗಿಗೆ ಒಳಗ ಬಿಡ್ತಾರ. ಪಾರ್ಕಿನ ರೇಂಜರ್‌ಗಳು ಹಡಗು ಹತ್ತಿ ಮೈಕಿನ್ಯಾಗ ವಿವರ ಹೇಳ್ತಾರ. ಹೋಗಿ ಬರೂದು ಸೇರಿ ಹೆಚ್ಚೂ ಕಡಿಮಿ ಇಡೀ ದಿನ ಕೊಲ್ಲಿಯೊಳಗ ಇರತೀರಿ, ಕೆಳಗ ಇಳಿಯೂದು ಮಾತ್ರ ಇಲ್ಲ. ಮಾರ್ಜರಿ ಹಿಮನದಿ ಮುಂದ ಸುಮಾರು ಒಂದು ತಾಸು ನಿಂತು, ಹಡಗು ನಿಂತಲ್ಲೇ ನಿಧಾನಕ್ಕ ತಿರುಗತೈತಿ. ಎರಡೂ ಮಗ್ಗಲಿನವರಿಗೆ ಕಾಣತೈತಿ.

ಎಂಡಿಕಾಟ್ ಆರ್ಮ್ ಅಂದ್ರ ಗುಡ್ಡಗಳ ನಡುವಿನ ಇಕ್ಕಟ್ಟು ಕಡಲ ಸೀಳು. ಒಡೆದು ಬಿದ್ದ ಮಂಜುಗಡ್ಡಿ ದಾರಿಗೇ ತೇಲಿ ಬರತೈತಿ. ಹೆಚ್ಚಾತು ಅಂದ್ರ ಕ್ಯಾಪ್ಟನ್ ಅರ್ಧಕ್ಕ ತಿರುಗಿಸ್ತಾನ, ತುದಿಯ ಡಾಸ್ ಹಿಮನದಿ ದೂರದಿಂದಲೂ ಸಿಗಂಗಿಲ್ಲ. ರೊಕ್ಕ ವಾಪಸ್ ಕೇಳಾಕ ಬರಂಗಿಲ್ಲ, ಅದು ಕರಾರಿನ್ಯಾಗ ಇರತೈತಿ. ಪಕ್ಕದ ಟ್ರೇಸಿ ಆರ್ಮ್‌ನ್ಯಾಗ 2025ರ ಆಗಸ್ಟ್ 10ಕ್ಕ ಗುಡ್ಡ ಕುಸಿದು ಸುನಾಮಿ ಎದ್ದಿತ್ತು. ಹಳೇ ಜಾಹೀರಾತಿನ್ಯಾಗ ಆ ಹೆಸರು ಕಂಡ್ರ, ಈಗ ಎಲ್ಲಿಗೆ ಹೋಗತೀರಿ ಅಂತ ಬರೆದು ಕೇಳ್ರಿ.

ಮೂರನೇದು ಹಬ್ಬರ್ಡ್ ಹಿಮನದಿ. ಉದ್ದ 122 ಕಿ.ಮೀ. ಮುಖದ ಅಗಲ ಸುಮಾರು 10 ಕಿ.ಮೀ., ಅಂದ್ರ ನಮ್ಮ ಟಿ.ಬಿ. ಡ್ಯಾಮಿನ ನಾಕು ಪಟ್ಟು. ಎಷ್ಟು ದೂರ ನಿಂತರೂ ಕಣ್ಣು ತುಂಬತೈತಿ. ಮೇ ತಿಂಗಳಾಗ ಮಂಜುಗಡ್ಡಿ ಜಾಸ್ತಿ ಇದ್ರ ಹತ್ರ ಹೋಗಾಕ ಆಗಂಗಿಲ್ಲ, ಅಷ್ಟ.

ಸೋನಾಮಸೂರಿ_ಗಂಗಾವತಿ:
ವೀಸಾ ಲೆಕ್ಕ ತಪ್ಪು. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಲ್ಲಿ ಜನ ಹತ್ತಿಸಿ ಅಲ್ಲೇ ವಾಪಸ್ ಇಳಿಸಬೇಕಾದರೆ ನಡುವೆ ಬೇರೆ ದೇಶದ ಬಂದರು ಮುಟ್ಟಲೇಬೇಕು, 1886ರ ಕಾನೂನು ಅದು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ವಿದೇಶಿ ಧ್ವಜದವು. ಆದ್ದರಿಂದ ಸಿಯಾಟಲ್ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾಕ್ಕೆ ಹೋಗುತ್ತೆ, ಬಹಳ ಸಲ ಸಂಜೆ ಮುಟ್ಟಿ ರಾತ್ರಿ ಹೊರಡುತ್ತೆ. ಎರಡೂ ಕಡೆಯಿಂದ ಎರಡೂ ವೀಸಾ ಬೇಕು. ಅಮೆರಿಕದ ಸಂದರ್ಶನಕ್ಕೆ ನಮ್ಮ ಕಡೆಯವರಿಗೆ ಹೈದರಾಬಾದೇ ಹತ್ತಿರ. ವೀಸಾ ಕೈಗೆ ಬರೋತನಕ ವಾಪಸ್ ಸಿಗದ ಮುಂಗಡ ಕಟ್ಟಬೇಡಿ.

ಅಮ್ಮನ ವಾಂತಿ ವಿಷಯಕ್ಕೂ ವ್ಯಾಂಕೂವರೇ ಸರಿ. ಅಲ್ಲಿಂದ ಹೊರಟ ಹಡಗು ವ್ಯಾಂಕೂವರ್ ದ್ವೀಪಕ್ಕೂ ಮುಖ್ಯನೆಲಕ್ಕೂ ನಡುವಿನ ಇನ್‌ಸೈಡ್ ಪ್ಯಾಸೇಜ್‌ನಲ್ಲಿ ಸಾಗುತ್ತೆ, ನೀರು ಬಹುಮಟ್ಟಿಗೆ ಶಾಂತ. ಕ್ವೀನ್ ಷಾರ್ಲಟ್ ಸೌಂಡ್ ಹತ್ತಿರ ಕೆಲವು ಗಂಟೆ ಮಾತ್ರ ತೆರೆದ ಕಡಲು. ಸಿಯಾಟಲ್ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ನೇರ ಪೆಸಿಫಿಕ್‌ಗೇ ಇಳಿಯುತ್ತವೆ. ವ್ಯಾಂಕೂವರ್‌ನಿಂದ ಅಲಾಸ್ಕಾದ ವಿಟ್ಟಿಯರ್‌ಗೆ ಒಂದೇ ದಿಕ್ಕಿನ ಕ್ರೂಸ್ ಕೂಡ ಇದೆ. ಗ್ಲೇಸಿಯರ್ ಬೇ ಜೊತೆಗೆ ಹಬ್ಬರ್ಡ್ ಅಥವಾ ಕಾಲೇಜ್ ಫ್ಯೋರ್ಡ್ ಅನ್ನೋ ಹಿಮನದಿಗಳ ಕಡಲ ಸೀಳು ಸಿಗುತ್ತೆ, ಆದರೆ ಅಲಾಸ್ಕಾ ಕೊಲ್ಲಿ ದಾಟಬೇಕು, ಅದು ತೆರೆದ ಸಮುದ್ರ. ನಿಮಗೆ ಬೇಡ.

ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಲ್ಲಿ ಇರಲಿ. ಮೇಲಿನ ಡೆಕ್ ಮತ್ತು ಮೂತಿಯ ಕಡೆ ತೂಗಾಟ ಜಾಸ್ತಿ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ತಗೋಬೇಕು, ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ಕೆಲಸ ಮಾಡೋದು ಕಡಿಮೆ.

ಬ್ರೂಸ್‌ಪೇಟೆ_ಬಳ್ಳಾರಿ:
ವೀಸಾ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಹಡಗು ತಿರುಗುತ್ತೆ ಅಂದ್ರೆ ಬಾಲ್ಕನಿಗೆ ದುಡ್ಡು ಹಾಕೋದು ದಂಡಾನಾ?

ರಾಯಚೂರು_ಸ್ಟೇಷನ್‌ರೋಡ್:
ನಿಮಗ ದಂಡ, ಅಮ್ಮಗ ಅಲ್ಲ. ಡೆಕ್ ಮ್ಯಾಲ ಗಾಳಿ, ಗದ್ದಲ, ಕುಂದ್ರಾಕ ಜಾಗ ಇಲ್ಲ. ಮಂಡಿನೋವು ಇದ್ದೋರು ಬಾಲ್ಕನಿಯಾಗ ಕುರ್ಚಿ ಹಾಕ್ಕೊಂಡು ರಗ್ಗು ಹೊದ್ದು ನೋಡಬಹುದು. ಎಡನೋ ಬಲನೋ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಎದುರಿಗೆ ಲೈಫ್‌ಬೋಟ್ ಅಡ್ಡ ಐತೇನು ಅಂತ ಡೆಕ್ ನಕ್ಷೆ ನೋಡ್ರಿ, ಅಗ್ಗದ ಕ್ಯಾಬಿನ್‌ಗೆ ಆ ಕಾರಣ ಇರತೈತಿ. ನೀವು ಮಾತ್ರ ಡೆಕ್ಕಿಗೆ ಹೋಗ್ರಿ. ಹಡಗಿನ ಮೂತಿಯ ಡೆಕ್ ಜನರಿಗೆ ತೆರೆದು ಬಿಟ್ರ ಅಲ್ಲೇ ನಿಂದರ್ರಿ.

ಒಂದು ಮಾತು ನೆನಪಿಡ್ರಿ: ಒಂದು ಕಿ.ಮೀ. ದೂರದಾಗ ಗಡ್ಡಿ ಕುಸಿದ್ರ ಸದ್ದು ಮುಟ್ಟಾಕ ಮೂರು ಸೆಕೆಂಡು ಬೇಕು. ಸದ್ದು ಕೇಳಿ ಹೊಳ್ಳಿದ್ರ ಬಿದ್ದು ಮುಗಿದಿರತೈತಿ. ಸಣ್ಣ ಚೂರು ಉದುರೋ ಜಾಗದ ಮ್ಯಾಲ ಕಣ್ಣು ಇಡ್ರಿ, ದೊಡ್ಡದು ಬಹಳ ಸಲ ಅಲ್ಲೇ ಬೀಳತೈತಿ. 8×42 ದುರ್ಬೀನು ಸಾಕು.

ಸೋನಾಮಸೂರಿ_ಗಂಗಾವತಿ:
ತಿಂಗಳು: ಮೇ ಮಧ್ಯದಿಂದ ಜೂನ್. ಮಳೆ ಕಡಿಮೆ, ಬೆಳಕು ಹೆಚ್ಚು. ಜುಲೈ ಬೆಚ್ಚಗೆ, ಆದರೆ ದುಬಾರಿ. ಸೆಪ್ಟೆಂಬರ್ ಮಳೆಯ ತಿಂಗಳು. ಬಳ್ಳಾರಿಯ 42 ಡಿಗ್ರಿಯಿಂದ ಹೋಗಿ ಹಿಮನದಿ ಗಾಳಿಗೆ ನಿಂತರೆ ಒಂದೇ ದಪ್ಪ ಸ್ವೆಟರ್ ಸಾಲದು. ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ಗಾಳಿ-ಮಳೆ ತಡೆಯೋ ಜಾಕೆಟ್, ತಲೆಗೆ ಟೋಪಿ, ಕೈಗವಸು. ಛತ್ರಿ ಡೆಕ್ಕಲ್ಲಿ ನಿಲ್ಲಲ್ಲ.

ಊಟಕ್ಕೆ ಬುಕಿಂಗ್ ಆದ ವಾರದಲ್ಲೇ 'ಇಂಡಿಯನ್ ವೆಜಿಟೇರಿಯನ್' ಅಂತ ಲಿಖಿತವಾಗಿ ತಿಳಿಸಿ. ಹತ್ತಿದ ಮೊದಲ ರಾತ್ರಿ ಹೆಡ್ ವೇಟರ್‌ಗೆ ಇನ್ನೊಮ್ಮೆ ಹೇಳಿ, ಮರುದಿನದ ಅಡುಗೆ ಹಿಂದಿನ ರಾತ್ರಿಯೇ ಹೇಳಿಡಿ. ವಿಮಾನ ತಡವಾದರೆ ಹಡಗು ಕಾಯಲ್ಲ, ವ್ಯಾಂಕೂವರ್‌ಗೆ ಒಂದು ದಿನ ಮುಂಚೆಯೇ ತಲುಪಿ.