ಗೇರ್ ಬಾಕ್ಸ್ ನಂದು, ಜಗಳ ಮನಿ ಮಂದೀದು

ರವಿವಾರ ಮುಂಜಾನೆ ಏಳಕ್ಕ ಬಸಣ್ಣ ಕಾಕಾ ನಮ್ಮ ‘ಮನಿ ಮಂದಿ’ ಗ್ರೂಪಿಗೆ ಒಂದು ಫಾರ್ವರ್ಡ್ ಒಗದ್ರು. ‘ಎಚ್ಚರ! ಆಟೋಮ್ಯಾಟಿಕ್ ಕಾರಿನ ಗೇರ್ ಬಾಕ್ಸ್ ಒಮ್ಮೆ ಕೆಟ್ಟರೆ ರಿಪೇರಿ ಆಗುವುದೇ ಇಲ್ಲ, ಹೊಸದೇ ಹಾಕಬೇಕು. ಹತ್ತು ಮಂದಿಗೆ ಕಳಿಸಿ.’ ನನ್ನ ಗಾಡಿ ಗೋಕುಲ ರೋಡಿನ ಗ್ಯಾರೇಜಿನ್ಯಾಗ ಹೊಟ್ಟಿ ಬಿಚ್ಚಿಸ್ಕೊಂಡು ಬಿದ್ದು ಎಂಟು ದಿನ ಆಗಿತ್ತು. ಅದು ಗೊತ್ತಿದ್ದ ಕಳಿಸಿದ್ರು.

ಕಾಕಾ: ತೊಗೊಳ್ಳೋ ಮುಂದನ ಹೇಳಿದ್ದೆ. ಎಡಗಾಲಿಗೆ ಕೆಲಸ ಇಲ್ಲದ ಗಾಡಿ ಗಾಡೀನ ಅಲ್ಲ.

ಗಿರೀಶ: ಕಾಕಾ, ಇದನ್ನ ಬರದಾಂವ ಯಾರು? ಮೂಲ ಎಲ್ಲೈತಿ?

ಕಾಕಾ: ಮೂಲ ನಿಮ್ಮಜ್ಜ. ಹಿರೇರ ಮಾತ ಕೇಳ್ರಿ ಅಂತ ಹೇಳಿ ಹೋಗ್ಯಾನ.

ಗಿರೀಶ ಧಾರವಾಡದಾಗ ಮಾಸ್ತರ. ಅರಿಷಿಣ ಹಾಲಿನ ಫಾರ್ವರ್ಡಿಗೂ ಮೂಲ ಕೇಳಾಂವ.

ವಿಜಯ ಮಾವ: ನಂದೂ ಆಟೋಮ್ಯಾಟಿಕ್. ಐದು ವರ್ಷಾತು, ಏನೂ ಆಗಿಲ್ಲ. ಓಡಸೋರ ಮ್ಯಾಲೆ ಐತಿ.

ಗಿರೀಶ: ಮಾವ, ನಿಮ್ದು ಎಎಂಟಿ. ಒಳಗಿರೋದು ಸಾದಾ ಗೇರ್ ಬಾಕ್ಸ. ಕ್ಲಚ್ ಒತ್ತೋದು, ಗೇರ್ ಹಾಕೋದು ಅಷ್ಟ ಯಂತ್ರ ಮಾಡ್ತೈತಿ. ಅಣ್ಣಂದು ಟಾರ್ಕ್ ಕನ್ವರ್ಟರ್, ಎಂಜಿನ್ ಬಲ ಆಯಿಲ್ ಮೂಲಕ ಗೇರಿಗೆ ದಾಟಿಸೂದು, ಅದರ ಜಾತೀನ ಬ್ಯಾರೆ.

ಮಾವ: ಅಂದ್ರ ನನ್ನ ಗಾಡಿ ಸಾದಾ ಅಂತೀ?

ಇಲ್ಲಿಂದ ಹನ್ನೊಂದು ಮೆಸೇಜು, ಗಿರೀಶನ ಮನಿ ವಾಸ್ತುಶಾಂತಿಗೆ ಮಾವನ್ನ ಎರಡನೇ ಪಂಕ್ತಿಗೆ ಕೂಡ್ರಿಸಿದ್ದರ ಬಗ್ಗೆ.

ನಡಬರಕ ನಾ ಗ್ಯಾರೇಜಿನ್ಯಾಗ ಕಂಡದ್ದು ಬರದೆ. ಮೆಕ್ಯಾನಿಕ್ ಬಿಳಿ ಅರಬಿ ಮ್ಯಾಲೆ ಎರಡು ಹನಿ ಆಯಿಲ್ ಬಿಟ್ಟು ತೋರಿಸಿದ. ಕೆಂಪಗ ಇರಬೇಕಾದದ್ದು ಕಾಫಿ ಕಷಾಯದಂಗ ಕರ್ರಗ, ಮೂಗಿಗೆ ಹಿಡದ್ರ ಸುಟ್ಟ ವಾಸನಿ. ಕೆಳಗಿನ ತಟ್ಟಿಯೊಳಗ ಆಯಸ್ಕಾಂತ ಇರ್ತೈತಿ. ಅದಕ್ಕ ಸಣ್ಣ ಬೂದಿಯಂಥಾ ಪುಡಿ ಹತ್ತಿದ್ರ ಕಾಳಜಿ ಇಲ್ಲ. ನಮ್ಮದ್ರಾಗ ಉಗುರಿನ ಚೂರಿನಂಥಾ ಲೋಹದ ತುಣುಕು ಇದ್ದುವು. ಕ್ಲಚ್ ಪ್ಲೇಟು ಸುಟ್ಟಾವ, ತಿರುಗೂ ದಂಡದ ಸುತ್ತ ಇರೂ ಬಳಿ, ಅಂದ್ರ ಬುಷ್, ಹೋಗ್ಯಾವ, ಆದ್ರ ಗೇರು, ಹೊರಗಿನ ಕವಚ ಗಟ್ಟಿ ಅದಾವ. ಹೊಸಾ ಬಾಕ್ಸ್ ಮೂರೂವರೆ ಲಕ್ಷ. ಗಾಡಿ ಮಾರಿದ್ರ ನಾಕು ಬರೂದ ಹೆಚ್ಚು. ಬಿಚ್ಚಿ ಕಟ್ಟಿಸಿದ್ರ ಒಂದೂಕಾಲು, ಆರು ತಿಂಗಳ ಗ್ಯಾರಂಟಿ. ಗುಜರಿ ಗಾಡೀದು ಎಂಬತ್ತು ಸಾವಿರ, ಅದು ಎಷ್ಟು ಓಡಿತ್ತೋ ಶಿವಗ ಗೊತ್ತು. ಯಾವ್ದ ಹಾಕಿದ್ರೂ ಆಯಿಲ್ ಕೂಲರ್ ತೊಳೀಬೇಕಂತ, ಇಲ್ಲಂದ್ರ ಅದರೊಳಗ ಉಳದ ಚೂರು ಹೊಸಾದನ್ನೂ ತಿಂತಾವಂತ.

ಇಷ್ಟುದ್ದ ಬರದದ್ದಕ್ಕ ಒಂದ ಹೆಬ್ಬೆರಳು ಬಂತು. ಅದೂ ಮಾವನ ಮೆಸೇಜಿಗೆ ಒತ್ತಾಕ ಹೋಗಿ ತಪ್ಪಿ ನನಗ ಒತ್ತಿದ್ದು ಅಂತ ಆಮ್ಯಾಲೆ ಗೊತ್ತಾತು.

ಶಾಂತಾ ಅತ್ತಿ: ಅಪ್ಪನ ಅಂಬಾಸಿಡರ್ ನೆನಪಾತು ನೋಡ್ರಿ. ಸ್ಟೇರಿಂಗ್ ಬಾಜೂಕ ಗೇರ್ ಕೋಲು. ಒಂಬತ್ತು ಮಂದಿ ಗೋಕರ್ಣಕ್ಕ ಹೋಗಿದ್ವಿ. ವಾಪಸ್ ಬರೂ ಮುಂದ ಅರಬೈಲ್ ಘಾಟಿನ್ಯಾಗ ರೇಡಿಯೇಟರ್ ಕುದೀತು. ಬಿಂದಗಿ ನೀರು ಹಾಕಿದ ಮ್ಯಾಲೆ ಯಲ್ಲಾಪುರ ತನಕ ಪದಾ ಹಾಡ್ಕೋತ ಬಂದ್ವಿ.

ಕಾಕಾ: ಎಂಟು ಮಂದಿ. ನನ್ನ ಬಿಟ್ಟು ಹೋಗಿದ್ರಿ.

ನಲವತ್ತು ವರ್ಷ ಆತು, ಇನ್ನೂ ಮರೆತಿಲ್ಲ ಮನಿಷ್ಯಾ.

ಮಂಜ್ಯಾ: ಅಣ್ಣಾ, ಸುಮ್ನ ಗುಜರೀದು ತಂದು ಕೂಡ್ರಿಸಿಬಿಡು. ಲಗೂನ ಕೆಲಸ ಮುಗೀತೈತಿ.

ಮಂಜ್ಯಾ ಗ್ರೂಪಿನ್ಯಾಗ ಬಾಯಿ ಬಿಡೂದ ಕಡಿಮಿ. ಇವತ್ತ ಇವಗ್ಯಾಕ ಇಷ್ಟು ಅವಸರ ಅಂತ ನನಗೂ ಅನಿಸ್ತು, ಗಿರೀಶಗೂ ಅನಿಸಿರಬೇಕು.

ಗಿರೀಶ: ಬುಷ್ ಹಂಗ ಸುಮ್ಸುಮ್ನ ಒಣಗಿ ಹೋಗೂದಿಲ್ಲ. ಅಣ್ಣಾ, ಈ ಗಾಡಿ ಯಾರರ ಎಳಕೊಂಡು ಬಂದಿದ್ರೇನು?

ಐದು ನಿಮಿಷ ಯಾರೂ ಮಾತಿಲ್ಲ. ಆಮ್ಯಾಲೆ ಗಿರೀಶ ಇದ ಗ್ರೂಪಿನ ಹಳೇ ಫೋಟೋದಾಗಿಂದ ಒಂದು ಹುಡುಕಿ ಹಾಕಿದ. ಫೆಬ್ರವರಿ, ಗದಗ ಮದವಿ ಮುಗಿಸಿ ಬರೂ ಮುಂದ ಅಣ್ಣಿಗೇರಿ ಹತ್ರ ರೇಡಿಯೇಟರ್ ಪೈಪ್ ಒಡದಿತ್ತಂತ. ಮುಂದ ಟ್ರ್ಯಾಕ್ಟರ್, ನಡುವ ಹಗ್ಗ, ಹಿಂದ ನನ್ನ ಗಾಡಿ, ಕಿಡಕ್ಯಾಗಿಂದ ಎರಡು ಬೆರಳು ಎತ್ತಿದ ಮಂಜ್ಯಾ.

ಗಿರೀಶ: ಎಂಜಿನ್ ಬಂದ್ ಇದ್ರ ಗೇರ್ ಬಾಕ್ಸಿನ ಆಯಿಲ್ ಪಂಪೂ ಬಂದ್. ಮುಂದಿನ ಗಾಲಿ ನೆಲದ ಮ್ಯಾಲೆ ತಿರುಗಿದ್ರ ಒಳಗ ಎಲ್ಲಾ ಒಣಾ ತಿರಗ್ತೈತಿ. ಮುಂದಿನ ಗಾಲಿ ಎತ್ತಿ ತರಬೇಕು, ಇಲ್ಲಾ ಇಡೀ ಗಾಡಿ ಲಾರಿಗೆ ಹೇರಬೇಕು.

ಮಂಜ್ಯಾ: ನ್ಯೂಟ್ರಲ್‌ನ್ಯಾಗ ಇಟ್ಟಿದ್ದೆ.

ಗಿರೀಶ: ನ್ಯೂಟ್ರಲ್‌ಗೆ ಪಂಪ್ ತಿರಗೂದಿಲ್ಲೋ.

ಕಾಕಾ: ಬುದ್ಧಿ ಬ್ಯಾಡೇನೋ ಮಂಜ್ಯಾ? ಮಂದಿ ವಸ್ತು ಹಿಡದ್ರ ನಮ್ದಕ್ಕಿಂತ ಹೆಚ್ಚು ಜ್ವಾಕಿ ಮಾಡಬೇಕು.

ಗಿರೀಶ ಆಗ ಫೋಟೋದ ಕೆಳಗಿನ ಹಳೇ ಮೆಸೇಜೂ ತಗದು ಹಾಕಿದ. ‘ಶಹಬ್ಬಾಸ್ ಮಂಜ್ಯಾ! ಲಾರಿ ಖರ್ಚು ಉಳಿಸಿದಿ.’ ಬರದಾರ ಬಸಣ್ಣ ಕಾಕಾ. ಅದರ ಕೆಳಗ ನಂದೂ ಒಂದು ಹೆಬ್ಬೆರಳು ಇತ್ತು. ಅದನ್ನ ಯಾರೂ ನೋಡಬಾರ್ದು ಅಂತ ಬೇಡ್ಕೋತ ಕುಂತೆ.

ಮಾವ ಅಂದ್ರು, ಖರ್ಚು ಕಾಕಾ, ಮಂಜ್ಯಾ ಅರ್ಧಾ ಅರ್ಧಾ ಕೊಡ್ಲಿ. ಅತ್ತಿ ಅಂದ್ರು, ಹುಡುಗನ್ನ ಬಿಡ್ರಿ, ಮದವಿ ಮನೀಂದು ಎಲ್ಲಾರೂ ಸುಸೂತ್ರ ಬಂದ್ವಲ್ಲಾ. ಬಿಚ್ಚಿ ಕಟ್ಟಸೂದ ಅಂತ ನಾ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಹೇಳಿ ವಾಪಸ್ ಬರೂದ್ರಾಗ ನಲವತ್ತೇಳು ಮೆಸೇಜು. ಎಲ್ಲಾದ್ರ ಕೆಳಗ, ಮುಂಜಾನಿಂದ ಒಂದ ಮಾತೂ ಆಡದ ಚಿಗವ್ವಂದು. ಆ ಫೋಟೋ ದೊಡ್ಡದು ಮಾಡಿ, ಹಗ್ಗಕ್ಕ ಕೆಂಪು ಗುಂಡ ಗೆರಿ ಹಾಕಿದ್ರು.

ಚಿಗವ್ವ: ಇದು ನಮ್ಮ ಬಾವಿ ಹಗ್ಗ. ಹಂದರ ಕಟ್ಟಾಕ ಅಂತ ಒಯ್ದಿದ್ರಿ. ಈಗ ಯಾರ ಮನ್ಯಾಗ ಐತಿ?