ಕಾಕು, ಕಳಿಸಿ, ಆದರೆ ಸ್ಕೀ ಕೊಡುವವರು ತೂಕ ಕೇಳಿದರಾ ಅಂತ ಕೇಳಿ

ಕಾಕು, ನಿಮ್ಮ ಮೆಸೇಜ್ ಈಗ ನೋಡಿದೆ. ತಮ್ಮ ಮತ್ತು ಅವನ ಮೂರು ಜನ ಗೆಳೆಯರು ಫೆಬ್ರವರಿಯ ಒಂದು ಶನಿವಾರ-ಭಾನುವಾರ ಕಾಶ್ಮೀರದ ಗುಲ್‌ಮಾರ್ಗ್‌ಗೆ, ಹಿಮದ ಮೇಲೆ ಜಾರುವ ಸ್ಕೀಯಿಂಗ್ ಮಾಡಲು ಹೊರಟಿದ್ದಾರೆ, ಕಳಿಸಲೋ ಬೇಡವೋ, ಹೋಗಿ ಬಂದವಳು ನೀನೇ ಹೇಳು ಅಂತ ಕೇಳಿದ್ದೀರಿ. ವಾಯ್ಸ್ ಕಳಿಸೋಣ ಅಂದ್ರೆ ಮಗು ಈಗಷ್ಟೇ ಮಲಗಿದೆ, ಅದಕ್ಕೆ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ಕಳಿಸಿ. ನಾನಂತೂ ಕಳಿಸಿ ಅಂತಲೇ ಹೇಳುತ್ತೇನೆ. ಅತ್ತಿ ನಿಮ್ಮ ಮೆಸೇಜ್ ಕೆಳಗೆ "ಜಾರಾಕ ಅಷ್ಟು ದೂರ ಯಾಕ ಹೋಗಬೇಕು" ಅಂತ ಹಾಕಿದ್ದಾರೆ. ಅತ್ತಿ, ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಮನೆಯ ಮಾಡು, ದೇವದಾರು ಮರ, ಬೇಲಿ ಎಲ್ಲಾ ಬಿಳಿ, ಒಂದು ಸದ್ದಿಲ್ಲ. ನಮ್ಮ ಕಡೆಯವರಿಗೆ ಅದನ್ನು ಒಮ್ಮೆ ನೋಡುವ ಆಸೆ ಇರೋದು ತಪ್ಪಲ್ಲ. ಅಲ್ಲಿನ ಪರಿಸ್ಥಿತಿ ಹೇಗಿದೆ ಅನ್ನೋದನ್ನು ಕಾಕಾ ಜೊತೆ ಫೋನಲ್ಲಿ ಮಾತಾಡಿದ್ದೇನೆ, ಹೊರಡುವ ವಾರ ಸುದ್ದಿ ನೋಡಿಯೇ ಕೊನೆಯ ತೀರ್ಮಾನ ಮಾಡಿ. ನಾನು ಹೇಳಬೇಕಾದದ್ದು ಬೇರೆ.

ಮೊದಲು ದಿನಗಳ ಲೆಕ್ಕ. ವೀಕೆಂಡ್ ಅಂತ ಹೇಳುತ್ತಿದ್ದಾರಲ್ಲ, ಅದು ಎರಡು ದಿನದಲ್ಲಿ ಆಗೋದಿಲ್ಲ. ಹುಬ್ಬಳ್ಳಿಯಿಂದ ಶ್ರೀನಗರಕ್ಕೆ ನೇರ ವಿಮಾನ ಇಲ್ಲ, ಇಳಿದು ಹತ್ತಬೇಕು. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಅದರಲ್ಲಿ ಬೆಟ್ಟದ ಬುಡದ ಊರು ಟಂಗ್‌ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ಬರೀ ತಿರುವು. ಹಿಮ ಬಿದ್ದಿದ್ದರೆ ಅಲ್ಲಿ ಗಾಡಿ ಬದಲಿಸಿ, ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯಲ್ಲಿ ಹೋಗಬೇಕು. ಹೋಗೋಕೆ ಶುಕ್ರವಾರ, ಬರೋಕೆ ಸೋಮವಾರ, ಎರಡೂ ಪೂರ್ತಿ ಹೋಗುತ್ತವೆ. ರಜೆ ಈಗಲೇ ಕೇಳಲಿ. ಇನ್ನೊಂದು, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇದು ಗೊತ್ತಿಲ್ಲದೆ ಅವ್ವ ಎರಡು ದಿನ ನನ್ನ ಫೋನಿಗಾಗಿ ಕಾದು ಊಟ ಬಿಟ್ಟಿದ್ದಳು. ನಾಲ್ವರಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.

ಎತ್ತರದ ವಿಷಯ. ನಮ್ಮ ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಡೀ ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಗುಲ್‌ಮಾರ್ಗ್‌ನಲ್ಲಿ ಹೋಟೆಲ್ ಇರುವ ಬಯಲೇ 2,650 ಮೀಟರ್. ಅಂದರೆ ಬ್ಯಾಗ್ ಇಳಿಸುವ ಜಾಗವೇ ಮುಳ್ಳಯ್ಯನಗಿರಿಗಿಂತ ಮೇಲೆ. ಮೊದಲ ರಾತ್ರಿ ನನಗೆ ತಲೆ ಸಿಡಿಯುತ್ತಿತ್ತು, ನಿದ್ದೆ ಬರಲಿಲ್ಲ. ಬಿಸಿನೀರು ಕುಡಿಯುತ್ತಾ ಕೂತೆ, ಬೆಳಿಗ್ಗೆ ಸರಿಯಾಯಿತು. ತಮ್ಮನಿಗೂ ಹೀಗಾದರೆ ಗಾಬರಿ ಬೇಡ, ಆದರೆ ತಲೆನೋವು ಇದ್ದಾಗ ಇನ್ನೂ ಮೇಲೆ ಹತ್ತಬಾರದು.

ಹತ್ತುವ ಆಸೆ ಆಗೇ ಆಗುತ್ತದೆ, ಯಾಕಂದ್ರೆ ಅಲ್ಲಿ ಗೊಂಡೋಲಾ ಇದೆ. ತಂತಿಯ ಮೇಲೆ ಹೋಗುವ ಡಬ್ಬಿ ಕಾಕು, ಎರಡು ಹಂತದಲ್ಲಿ ಹೋಗುತ್ತದೆ. ಮೊದಲನೆಯದು ಕೊಂಗ್‌ಡೂರಿವರೆಗೆ, ಸುಮಾರು 3,050 ಮೀಟರ್. ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್. ನಮ್ಮ ಜೊತೆ ಬಂದಿದ್ದ ಒಬ್ಬ ಗೆಳೆಯ ಯುರೋಪಿನಲ್ಲಿ ಎರಡು ಸಲ ಸ್ಕೀ ಮಾಡಿದ್ದ, ನೇರ ಮೇಲಿನಿಂದಲೇ ಇಳಿಯುತ್ತೇನೆ ಅಂತ ಹಟ ಹಿಡಿದ. ಕಲಿಸಲು ಬಂದಿದ್ದ ಚಾಚಾ, ಐವತ್ತು ದಾಟಿದವರು, ಒಪ್ಪಲೇ ಇಲ್ಲ. ನೀನು ಇಳಿದದ್ದು ಯಂತ್ರದಿಂದ ಹದ ಮಾಡಿದ ಇಳಿಜಾರು, ಮೇಲೆ ಹೆಚ್ಚಿನ ಕಡೆ ಹಿಮ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ, ನಿನಗೆ ಸ್ಕೀ ಗೊತ್ತು, ಈ ಬೆಟ್ಟ ಗೊತ್ತಿಲ್ಲ ಅಂದರು. ಅವನು ಸ್ಕೀ ಕೆಳಗೇ ಇಟ್ಟು, ಮೇಲೆ ಹೋಗಿ ನೋಡಿ, ಅದೇ ಡಬ್ಬಿಯಲ್ಲಿ ವಾಪಸ್ ಬಂದ. ಇದು 2024ರ ಫೆಬ್ರವರಿ ಎರಡನೇ ವಾರಾಂತ್ಯ. ಅದೇ ತಿಂಗಳು 22ಕ್ಕೆ ಆ ಬೆಟ್ಟದ ಮೇಲ್ಭಾಗದಲ್ಲಿ ಹಿಮಕುಸಿತವಾಗಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಸುದ್ದಿ ಓದಿ ನಾವೆಲ್ಲಾ ಚಾಚಾನನ್ನು ನೆನೆದೆವು. ಅದರ ಹಿಂದಿನ ವರ್ಷ ಫೆಬ್ರವರಿ 1ಕ್ಕೆ ಪೋಲೆಂಡಿನ ಇಬ್ಬರು ಹೀಗೇ ತೀರಿಹೋಗಿದ್ದರು. ಕೆಳಗಿನ ಬಯಲಿನಲ್ಲಿ ಕಲಿಯುವವರಿಗೆ ಈ ಭಯ ಇಲ್ಲ ಕಾಕು, ಹೆದರಬೇಡಿ. ತಮ್ಮ ಎರಡೂ ದಿನ ಕೆಳಗೇ ಕಲಿಯಲಿ, ಅಷ್ಟು ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದೇ ಸಲ ನಮ್ಮ ಜೊತೆ ಬಂದಿದ್ದ ಧಾರವಾಡದ ನನ್ನ ಗೆಳತಿ, ಟೀಚರ್, ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದಿದ್ದಳಲ್ಲ, ಅವಳ ಮೊಣಕಾಲು ಆ ಬೆಟ್ಟದ ಮೇಲೆ ಹೋದದ್ದಲ್ಲ. ಮಕ್ಕಳು ಆಡುವಂಥ ಇಳಿಜಾರಿನಲ್ಲಿ, ಹೆಚ್ಚುಕಡಿಮೆ ನಿಂತಲ್ಲೇ ಹೋಯಿತು.

ಸ್ಕೀ ಅಂದರೆ ಕಾಲಿಗೆ ಕಟ್ಟುವ ಉದ್ದದ ಪಟ್ಟಿ ಅಂತ ಎಲ್ಲರಿಗೂ ಗೊತ್ತು. ಬೂಟನ್ನು ಆ ಪಟ್ಟಿಗೆ ಹಿಡಿದಿಡೋದು ಬೈಂಡಿಂಗ್. ಮುಂದೊಂದು ಹಿಡಿತ, ಹಿಮ್ಮಡಿಗೊಂದು ಹಿಡಿತ, ಎರಡರಲ್ಲೂ ಸ್ಪ್ರಿಂಗ್. ಬಿದ್ದಾಗ ಕಾಲು ತಿರುಚುವ ಮೊದಲೇ ಅದು ಬಿಟ್ಟುಕೊಳ್ಳಬೇಕು, ಸ್ಕೀ ಒಂದು ಕಡೆ, ನಾವು ಒಂದು ಕಡೆ. ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋದಕ್ಕೆ ಅಲ್ಲೇ ಸಣ್ಣ ಅಂಕಿ ಇರುತ್ತದೆ. ಆ ಅಂಕಿಯನ್ನು ನಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಎಷ್ಟು ಕಲಿತಿದ್ದೇವೆ ಅನ್ನೋದು ನೋಡಿ ಇಡಬೇಕು. ಜಾಸ್ತಿ ಸಡಿಲ ಇದ್ದರೆ ಸುಮ್ನೆ ಸುಮ್ನೆ ಕಳಚುತ್ತದೆ. ಜಾಸ್ತಿ ಬಿಗಿ ಇದ್ದರೆ ಕಳಚೋದೇ ಇಲ್ಲ.

ಬಾಡಿಗೆ ಕೊಟ್ಟ ಅಂಗಡಿಯವನು ನಮ್ಮನ್ನು ಕೇಳಿದ್ದು ಚಪ್ಪಲಿ ನಂಬರ್ ಒಂದೇ. ನಮಗೂ ಗೊತ್ತಿರಲಿಲ್ಲ. ಅವಳ ತೂಕ 48 ಕಿಲೋ, ಅವಳಿಗೆ ಬಂದ ಸ್ಕೀ ಅದಕ್ಕೆ ಮೊದಲು ಯಾವ ದಪ್ಪ ಮನುಷ್ಯನ ಕಾಲಲ್ಲಿತ್ತೋ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಎರಡು ಸ್ಕೀಯ ಮುಂದಿನ ತುದಿ ಕೂಡಿಸಿ ಹಿಂದೆ ಅಗಲ ಮಾಡಿ ನಿಧಾನ ಬರುತ್ತಿದ್ದಳು, ಚೆನ್ನಾಗಿ ಕಲಿತಿದ್ದಳು. ಒಂದು ಸ್ಕೀ ಮೆತ್ತನೆ ಹಿಮದಲ್ಲಿ ಸಿಕ್ಕಿತು, ಮೈ ತಿರುಗಿತು, ಕಾಲು ಅಲ್ಲೇ ಉಳಿಯಿತು. ಟಪ್ ಅಂದದ್ದು ನನಗೂ ಕೇಳಿಸಿತು. ಚಾಚಾ ಓಡಿ ಬಂದು ಬೈಂಡಿಂಗ್ ನೋಡಿದರು, ಅವಳಿಗೆ ಇರಬೇಕಾದ ಅಂಕಿಯ ಎರಡರಷ್ಟು ಹತ್ತಿರ ಇತ್ತು. ಅವರ ಮುಖ ಇಳಿದು ಹೋಯಿತು, ನಾನೇ ನೋಡಬೇಕಿತ್ತು ಅಂತ ಎಷ್ಟು ಸಲ ಹೇಳಿದರೋ. ಕಟ್ಟಿಗೆಯ ಜಾರುಬಂಡಿ ಎಳೆಯುವ ಒಬ್ಬ ಹುಡುಗ ಅವಳನ್ನು ಮಲಗಿಸಿಕೊಂಡು, ತನ್ನ ಫೆರನ್, ಅಂದರೆ ಕಾಶ್ಮೀರಿಗಳ ಉದ್ದನೆಯ ನಿಲುವಂಗಿ, ಹೊದಿಸಿ, ರಸ್ತೆವರೆಗೆ ಎಳೆದು ತಂದ. ಹುಬ್ಬಳ್ಳಿಗೆ ಬಂದು ಎಂ.ಆರ್.ಐ. ಮಾಡಿಸಿದೆವು. ಮೊಣಕಾಲಿನ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ನಾರು, ಅರ್ಧ ಹರಿದಿತ್ತು. ಪುಣ್ಯಕ್ಕೆ ಆಪರೇಷನ್ ಬೇಕಾಗಲಿಲ್ಲ, ಆರು ವಾರ ಬ್ರೇಸ್, ಆಮೇಲೆ ಫಿಸಿಯೋ. ಈಗಲೂ ಮೆಟ್ಟಿಲು ಇಳಿಯುವಾಗ ಕೈ ಹಿಡಿಕೆಗೆ ಹೋಗುತ್ತದೆ. ಅದನ್ನು ನೋಡಿದಾಗೆಲ್ಲಾ ನನಗೆ ಸಂಕಟ ಆಗುತ್ತದೆ ಕಾಕು, ಒಂದು ಸ್ಕ್ರೂಡ್ರೈವರ್, ಎರಡು ನಿಮಿಷದ ಕೆಲಸ ಅದು.

ಅದಕ್ಕೇ ಹೇಳುತ್ತಿದ್ದೇನೆ, ತಮ್ಮನಿಗೆ ಇದನ್ನು ಓದಿಸಿ. ಅಂಗಡಿಯವರು ತೂಕ ಕೇಳದಿದ್ದರೆ ತಾನೇ ಹೇಳಬೇಕು, ಅಂಕಿ ತಿರುಗಿಸಿದ್ದನ್ನು ಕಣ್ಣಾರೆ ನೋಡಬೇಕು, ಕಲಿಸುವವರಿಗೂ ತೋರಿಸಬೇಕು. ಗೆಳೆಯರ ಜೊತೆ ಸ್ಕೀ ಅದಲುಬದಲು ಮಾಡಬಾರದು, ಫೋಟೋಗೆ ಅಂತಲೂ ಬೇಡ. ಸ್ಕೀ ಹತ್ತುವ ಮೊದಲು ಬೂಟಿನ ಅಡಿಗೆ ಅಂಟಿದ ಹಿಮ ಕೆರೆದು ತೆಗೆಯಬೇಕು, ಅದು ಇದ್ದರೂ ಬೈಂಡಿಂಗ್ ಸರಿಯಾಗಿ ಬಿಡೋದಿಲ್ಲ. ಚಳಿ ಅಂತ ಎರಡು ಜೊತೆ ಸಾಕ್ಸ್ ಹಾಕಬಾರದು, ಉದ್ದದ ಒಂದೇ ಜೊತೆ ಸಾಕು, ಹಿಮ್ಮಡಿ ಬೂಟಿನೊಳಗೆ ಮೇಲೆ ಏಳಬಾರದು.

ಊಟದ ಚಿಂತೆ ಬಿಡಿ, ಅಲ್ಲಿ ರಾಜ್ಮಾ ಅನ್ನ ಎಲ್ಲಾ ಕಡೆ ಸಿಗುತ್ತದೆ. ಆದರೂ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡಿ. ಆ ಚಳಿಯಲ್ಲಿ ನಾವು ರೂಮಿನಲ್ಲಿ ಕೂತು ತಿಂದ ರುಚಿ ಇನ್ನೂ ನೆನಪಿದೆ, ಚಾಚಾನೂ ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡರು.

ನನ್ನ ಗಾಗಲ್ಸ್, ನೀರು ಹಿಡಿಯದ ಕೈಗವಸು ಕಪಾಟಿನಲ್ಲೇ ಇವೆ, ಕೊಂಡುಕೊಳ್ಳಬೇಡಿ. ಶುಕ್ರವಾರ ಸಂಜೆ ವಿದ್ಯಾನಗರದ ಕಡೆ ಬರುತ್ತೇನೆ, ತಂದುಕೊಡುತ್ತೇನೆ. ಅಷ್ಟರಲ್ಲಿ ಅವನನ್ನು ತಕ್ಕಡಿ ಮೇಲೆ ನಿಲ್ಲಿಸಿ ತೂಕ ನೋಡಿಡಿ. ಎರಡು ವರ್ಷದ ಹಿಂದಿನ ತೂಕ ಹೇಳುತ್ತಾನೆ, ಅದು ಬೇಡ, ಈಗಿನದು ಬೇಕು.